ಮೂರು ಹೊತ್ತೂ ಸೋಯಾ, ಜೊತೆಗೊಂದು ಥೈರಾಯ್ಡ್ ಮಾತ್ರೆ: ಒಂದು ಪ್ರಕರಣ ಅಧ್ಯಯನ

34 ವರ್ಷದ ಮಹಿಳೆ. ಆಫೀಸ್ ಕೆಲಸ. ತೂಕ 62 ಕೆ.ಜಿ. ಆರು ವರ್ಷದಿಂದ ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಹಾರ್ಮೋನ್ ಕೊರತೆ ಇದೆ. ದಿನಾ ಬೆಳಗ್ಗೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ಆ ಹಾರ್ಮೋನನ್ನೇ ತುಂಬಿಕೊಡುವ ಔಷಧಿ) ಮಾತ್ರೆ ತಗೊಳ್ಳುತ್ತಾರೆ. ಆ ಡೋಸ್‌ನಲ್ಲಿ ಅವರ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದಷ್ಟೂ ರಕ್ತದಲ್ಲಿ ಏರುವ ಇನ್ನೊಂದು ಹಾರ್ಮೋನ್) ಸದಾ 2ರ ಆಸುಪಾಸಿನಲ್ಲೇ ಇತ್ತು. ಹತ್ತು ತಿಂಗಳ ಹಿಂದೆ ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲವನ್ನೂ ಬಿಟ್ಟರು. ಪ್ರಾಣಿಗಳ ಬಗ್ಗೆ ಬಹಳ ದಿನ ಯೋಚಿಸಿ ತಗೊಂಡ ನಿರ್ಧಾರ ಅದು. ಊಟದ ಸಲಹೆಗೆ ನನ್ನ ಹತ್ತಿರ ಬರುವ ಹೊತ್ತಿಗೆ ಟಿಎಸ್‌ಎಚ್ 9.6ಕ್ಕೆ ಏರಿತ್ತು. ಸಾಮಾನ್ಯವಾಗಿ ಇದು 0.4ರಿಂದ 4ರೊಳಗೆ ಇರಬೇಕು.

ಸುಸ್ತು, ಕೂದಲು ಉದುರುವುದು, ಮಲಬದ್ಧತೆ. ಬೇರೆಯವರೆಲ್ಲ ಆರಾಮಾಗಿ ಕೂತಿರುವ ಕೋಣೆಯಲ್ಲಿ ಇವರಿಗೆ ಮಾತ್ರ ಚಳಿ. ತೂಕ 3 ಕೆ.ಜಿ ಜಾಸ್ತಿಯಾಗಿತ್ತು. ಕಾಲಿನ ಬೆರಳು ಆಗಾಗ ಜುಮ್ ಅನ್ನುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ 11, ಹಿಮೋಗ್ಲೋಬಿನ್ 11.4, ಬಿ12 190. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಅದು ತಳ ಕಂಡಿತ್ತು, ಉಳಿದೆರಡೂ ಕಮ್ಮಿಯೇ ಇದ್ದವು.

ಮನೆಯವರ ತೀರ್ಮಾನ ಆಗಲೇ ಆಗಿಹೋಗಿತ್ತು: ಈ ವೀಗನ್ ಊಟ ಬಿಡು, ಮೊದಲಿನ ಹಾಗೆ ತಿನ್ನು. ಆ ಮಹಿಳೆಯ ತೀರ್ಮಾನ ಬೇರೆ: ಸೋಯಾ ನನ್ನ ಥೈರಾಯ್ಡ್ ಕೆಡಿಸಿದೆ, ಸೋಯಾ ಒಂದನ್ನು ಪೂರ್ತಿ ಬಿಟ್ಟರೆ ಸರಿಹೋಗುತ್ತೆ. ಇದನ್ನು ಹೇಳಿ ಮುಗಿಸಿದ ಕೂಡಲೇ ಅವರೇ ಕೇಳಿದರು, "ಆದ್ರೆ ಮೇಡಂ, ಸೋಯಾನೂ ಬಿಟ್ರೆ ನಾನು ತಿನ್ನೋದಾದ್ರೂ ಏನು?"

ನನಗೆ ರಿಪೋರ್ಟಿಗಿಂತ ಜಾಸ್ತಿ ಹೇಳಿದ್ದು ಈ ಪ್ರಶ್ನೆ. ಗಿಡದಿಂದ ಬರುವ ಆಹಾರ ಎಷ್ಟೊಂದಿದೆ. ಅದರಲ್ಲಿ ಒಂದು ಕಾಳು ತೆಗೆದರೆ ತಟ್ಟೆಯೇ ಖಾಲಿ ಅನ್ನುವ ಸ್ಥಿತಿಗೆ ಅವರು ಬಂದಿದ್ದರು. ಹತ್ತು ತಿಂಗಳಲ್ಲಿ ಇದು ಹೇಗಾಯ್ತು ಅಂತ ಹುಡುಕುವುದೇ ಕೆಲಸವಾಯ್ತು. (ಗುರುತು ಸಿಗಬಾರದು ಅಂತ ಅವರ ಬಗ್ಗೆ ಕೆಲವು ವಿವರ ಇಲ್ಲಿ ಬಿಟ್ಟಿದ್ದೇನೆ.)

ತಟ್ಟೆಯಲ್ಲಿ ಏನಿತ್ತು

ಒಂದು ವಾರ ತಿಂದದ್ದನ್ನೆಲ್ಲ, ತಿಂದ ಸಮಯದ ಜೊತೆ ಬರೆದು ತನ್ನಿ ಅಂದೆ. ಕೆಲಸದ ದಿನಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದವು.

ಬೆಳಗ್ಗೆ ಸೋಯಾ ಪ್ರೋಟೀನ್ ಪುಡಿಯ ಶೇಕ್, ಅದರಲ್ಲಿ 25 ಗ್ರಾಂ ಪ್ರೋಟೀನ್. ಶೇಕ್‌ಗೆ, ಕಾಫಿಗೆ ಮತ್ತು ಸುಮ್ನೆ ಕುಡಿಯುವುದಕ್ಕೆ ಸೇರಿ ದಿನಕ್ಕೆ ಎರಡು ಕಪ್ ಸೋಯಾ ಹಾಲು, ಸುಮಾರು 14 ಗ್ರಾಂ. ಮಧ್ಯಾಹ್ನ ಬ್ರೆಡ್ ನಡುವೆ ಫ್ರೋಜನ್ ಸೋಯಾ ಪ್ಯಾಟಿ, ಎರಡು. ಅದರಿಂದ 20 ಗ್ರಾಂ. ಸಂಜೆ ಆಫೀಸಿನಲ್ಲಿ ಹಸಿವಾದರೆ ಸೋಯಾ ಪ್ರೋಟೀನ್ ಬಾರ್, 10 ಗ್ರಾಂ. ರಾತ್ರಿ ಸೋಯಾ ಚಂಕ್ಸ್, ಒಣಗಿದ ಲೆಕ್ಕದಲ್ಲಿ 50 ಗ್ರಾಂ. ಚಂಕ್ಸ್‌ನಲ್ಲಿ ಅರ್ಧದಷ್ಟು ಪ್ರೋಟೀನೇ ಇರುವುದರಿಂದ ಅದೇ 25 ಗ್ರಾಂ.

ಕೂಡಿಸಿದರೆ 94 ಗ್ರಾಂ. ಇದು ಸೋಯಾದಿಂದ ಮಾತ್ರ ಬಂದ ಪ್ರೋಟೀನ್. ಬ್ರೆಡ್, ಅನ್ನದಲ್ಲಿ ಇದ್ದದ್ದು ಬೇರೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಒಂದು ಕೆ.ಜಿ ತೂಕಕ್ಕೆ ಸುಮಾರು 0.8 ಗ್ರಾಂ ಸಾಕು ಅನ್ನುವುದು ಸಾಮಾನ್ಯ ಲೆಕ್ಕ. ಅವರ ತೂಕಕ್ಕೆ ಅದು 50 ಗ್ರಾಂ ಆಗುತ್ತೆ. ಕಾಳುಗಳ ಪ್ರೋಟೀನ್ ಸ್ವಲ್ಪ ಕಡಿಮೆ ಜೀರ್ಣವಾಗುತ್ತೆ ಅಂತ ಧಾರಾಳವಾಗಿ ಲೆಕ್ಕ ಹಾಕಿದರೂ 60 ಗ್ರಾಂ. ಅಂದರೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಪ್ರೋಟೀನ್ ಒಂದೇ ಕಾಳಿನಿಂದ ಬರುತ್ತಿತ್ತು.

ನಾನು ಅದಕ್ಕಿಂತ ಜಾಸ್ತಿ ಗಮನಿಸಿದ್ದು ಆ ವಾರದ ಹಾಳೆಗಳಲ್ಲಿ ಇಲ್ಲದಿದ್ದದ್ದನ್ನು. ಬೇರೆ ಬೇಳೆಕಾಳು ಒಂದು ದಿನವೂ ಇರಲಿಲ್ಲ. ಹಣ್ಣು ಎರಡು ಸಲ. ಸೊಪ್ಪು ಇಲ್ಲ. ಬಾದಾಮಿ, ಎಳ್ಳು, ಅಗಸೆ ಏನೂ ಇಲ್ಲ. ತರಕಾರಿ ಅಂದರೆ ಬ್ರೆಡ್ ನಡುವಿನ ಸೌತೆಕಾಯಿ, ರಾತ್ರಿಯ ಈರುಳ್ಳಿ ಟೊಮೆಟೊ. ಮಲಬದ್ಧತೆಗೆ ಥೈರಾಯ್ಡ್ ಒಂದೇ ಕಾರಣ ಅಲ್ಲ ಅಂತ ಅಲ್ಲೇ ಗೊತ್ತಾಯ್ತು. ಶೇಕ್‌ನಲ್ಲಿ ಬಳಸುವ ಸೋಯಾ ಐಸೊಲೇಟ್‌ನಲ್ಲಿ (ಪ್ರೋಟೀನ್ ಮಾತ್ರ ಬೇರ್ಪಡಿಸಿ ತೆಗೆದ ಪುಡಿ) ನಾರು ಇಲ್ಲವೇ ಇಲ್ಲ ಅನ್ನಬಹುದು.

ಬೆಳಗಿನ ಮಾತ್ರೆ

ಥೈರಾಯ್ಡ್ ಮಾತ್ರೆ ಯಾವಾಗ, ಹೇಗೆ ತಗೋತೀರಿ ಅಂತ ಕೇಳಿದೆ. "ಬೆಳಗ್ಗೆ ಎದ್ದ ಕೂಡಲೇ, ಒಂದು ದಿನವೂ ತಪ್ಪಿಸಿಲ್ಲ" ಅಂದರು. ನಿಜವೇ. ಆದರೆ "ಖಾಲಿ ಹೊಟ್ಟೆಯಲ್ಲಾ?" ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. ಹಾಗಾಗಿ ನಾನು ಕೇಳುವುದು ಬೇರೆ ರೀತಿ: ಎದ್ದ ಮೇಲೆ ಒಂದೊಂದಾಗಿ ಏನೇನು ಮಾಡ್ತೀರಿ, ಹೇಳಿ.

ಏಳುತ್ತಾರೆ, ಹಲ್ಲುಜ್ಜುತ್ತಾರೆ, ಅಡುಗೆಮನೆಗೆ ಬರುತ್ತಾರೆ. ಶೇಕರ್‌ಗೆ ಪುಡಿ ಹಾಕಿ, ಸೋಯಾ ಹಾಲು ಸುರಿದು ಅಲ್ಲಾಡಿಸುತ್ತಾರೆ. ಕೌಂಟರ್ ಮೇಲೆ ಮಾತ್ರೆ ಡಬ್ಬಿ ಇರುತ್ತೆ. ಮಾತ್ರೆ ಬಾಯಿಗೆ ಹಾಕಿ, ಶೇಕ್‌ನ ಮೊದಲ ಗುಟುಕಿನಲ್ಲೇ ನುಂಗುತ್ತಾರೆ. ಹೊಟ್ಟೆ ಖಾಲಿ ಇತ್ತು, ಸರಿ. ಆದರೆ ಮಾತ್ರೆಯ ಜೊತೆಜೊತೆಗೇ ಸೋಯಾ ಒಳಗೆ ಹೋಗುತ್ತಿತ್ತು. ಮೊದಲು ಅವರು ಇದೇ ಮಾತ್ರೆಯನ್ನು ನೀರಿನಲ್ಲಿ ನುಂಗಿ, ಸ್ನಾನ ಮುಗಿಸಿ, ಆಮೇಲೆ ತಿಂಡಿ ತಿನ್ನುತ್ತಿದ್ದರು. ಶೇಕ್ ಬಂದ ಮೇಲೆ ಬೆಳಗಿನ ಎರಡು ಕೆಲಸ ಒಂದಾಗಿಬಿಟ್ಟಿದ್ದವು.

ಲೆವೊಥೈರಾಕ್ಸಿನ್ ಬಹಳ ಸೂಕ್ಷ್ಮದ ಔಷಧಿ. ಪೂರ್ತಿ ಖಾಲಿ ಹೊಟ್ಟೆಯಲ್ಲಿ ತಗೊಂಡರೂ ಅದರ ಶೇ 60ರಿಂದ 80ರಷ್ಟು ಮಾತ್ರ ರಕ್ತ ಸೇರುತ್ತೆ. ಸೋಯಾ, ಕಾಫಿ, ನಾರು ಜಾಸ್ತಿ ಇರುವ ಊಟ, ಕ್ಯಾಲ್ಸಿಯಂ, ಕಬ್ಬಿಣ ಯಾವುದು ಜೊತೆಯಾದರೂ ಇನ್ನೂ ಕಡಿಮೆಯಾಗಬಹುದು. ಆದ್ದರಿಂದಲೇ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ತಿಂಡಿ ತಿನ್ನಿ ಅನ್ನುವುದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ ಬೇಕು.

ಪುಡಿಯ ಡಬ್ಬಿ ತರಿಸಿ ಲೇಬಲ್ ಓದಿದೆವು. ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ್ದರು, ಕಬ್ಬಿಣವನ್ನೂ ಸೇರಿಸಿದ್ದರು. ಹಾಗಾಗಿ ಈ ಪ್ರಕರಣದಲ್ಲಿ ಮಾತ್ರೆಗೆ ಅಡ್ಡ ಬಂದದ್ದು ಸೋಯಾವೋ, ಕ್ಯಾಲ್ಸಿಯಮ್ಮೋ, ಕಬ್ಬಿಣವೋ ಅಂತ ಬೇರೆ ಬೇರೆ ಮಾಡಿ ಹೇಳಲು ಬರುವುದಿಲ್ಲ. ಮೂರೂ ಒಂದೇ ಲೋಟದಲ್ಲಿದ್ದವು.

ಬೇರೆ ಕಾರಣಗಳನ್ನೂ ನೋಡಿದೆವು. ಮಾತ್ರೆಯ ಬ್ರ್ಯಾಂಡ್ ಬದಲಾಗಿರಲಿಲ್ಲ. ಅಸಿಡಿಟಿ ಮಾತ್ರೆ ತಗೊಳ್ಳುತ್ತಿರಲಿಲ್ಲ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುವವರ ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರುವುದುಂಟು. ಇವರು ಅದನ್ನೂ ಶುರು ಮಾಡಿರಲಿಲ್ಲ. ಗರ್ಭಿಣಿಯೂ ಆಗಿರಲಿಲ್ಲ.

ಹಾಗಾದರೆ ಸೋಯಾ ಥೈರಾಯ್ಡ್ ಕೆಡಿಸುತ್ತಾ?

ಅವರ ಭಯ ಪೂರ್ತಿ ಆಧಾರವಿಲ್ಲದ್ದಲ್ಲ, ಅದಕ್ಕೊಂದು ಹಿನ್ನೆಲೆ ಇದೆ. 1950–60ರ ಸುಮಾರಿಗೆ ಸೋಯಾ ಹಿಟ್ಟಿನ ಶಿಶು ಆಹಾರ ಕುಡಿದ ಕೆಲವು ಮಕ್ಕಳಿಗೆ ಗಳಗಂಡ ಕಾಣಿಸಿಕೊಂಡಿತ್ತು. ಆ ಆಹಾರದಲ್ಲಿ ಅಯೋಡಿನ್ ಸಾಕಷ್ಟು ಇರಲಿಲ್ಲ. ಅಯೋಡಿನ್ ಸೇರಿಸಲು ಶುರು ಮಾಡಿದ ಮೇಲೆ ಆ ತೊಂದರೆ ನಿಂತಿತು. ಸೋಯಾದಲ್ಲಿ ಸಹಜವಾಗಿಯೇ ಇರುವ ಐಸೊಫ್ಲೇವೋನ್ ಅನ್ನುವ ಅಂಶಗಳು ಥೈರಾಯ್ಡ್ ಹಾರ್ಮೋನ್ ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತವೆ ಅನ್ನುವುದು ಪ್ರಯೋಗಾಲಯದ ಕೊಳವೆಯಲ್ಲಿ ಕಂಡದ್ದೇ. ಆದರೆ ಅಯೋಡಿನ್ ಸಾಕಷ್ಟು ಸಿಗುತ್ತಿರುವ ಆರೋಗ್ಯವಂತರ ಮೇಲೆ ಮಾಡಿದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಹಾರ್ಮೋನ್ ಮಟ್ಟ ಕೆಟ್ಟಿಲ್ಲ. ಟಿಎಸ್‌ಎಚ್ ಏರಿದ್ದರೂ ಅದು ತೀರಾ ಅಲ್ಪ.

ಮಾತ್ರೆ ತಗೊಳ್ಳುವವರ ವಿಷಯ ಬೇರೆ. ಅಲ್ಲಿ ತೊಂದರೆ ಆಗುವುದು ಗ್ರಂಥಿಗಲ್ಲ, ಮಾತ್ರೆ ರಕ್ತ ಸೇರುವುದಕ್ಕೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಕ್ಕಳಿಗೆ ಸೋಯಾ ಫಾರ್ಮುಲಾ ಕೊಟ್ಟರೆ ಔಷಧಿಯ ಡೋಸ್ ಏರಿಸಬೇಕಾಗುತ್ತೆ ಅನ್ನುವುದು ಮಕ್ಕಳ ವೈದ್ಯರಿಗೆ ಬಹಳ ಹಿಂದಿನಿಂದಲೂ ಗೊತ್ತು. ಈ ಎರಡನ್ನು ಕಲಸಿಬಿಟ್ಟರೆ ಆಗುವುದೇ ಇವರಿಗೆ ಆದದ್ದು: ಮಾತ್ರೆಯ ಸಮಯ ಸರಿ ಮಾಡುವುದನ್ನು ಬಿಟ್ಟು ತೋಫು (ಸೋಯಾ ಹಾಲಿನ ಪನೀರ್) ಥರದ್ದನ್ನು ದೂರುವುದು.

ಅವರ ವೈದ್ಯರು ಇಲ್ಲಿ ತುಂಬಾ ಒಳ್ಳೆಯ ಕೆಲಸ ಮಾಡಿದರು. ಟಿಎಸ್‌ಎಚ್ 9.6 ನೋಡಿದ ತಕ್ಷಣ ಡೋಸ್ ಏರಿಸಬಹುದಿತ್ತು. ಏರಿಸಲಿಲ್ಲ. ಡೋಸ್ ಏರಿಸಿದ ಮೇಲೆ ಇವರು ಯಾವತ್ತೋ ಶೇಕ್ ನಿಲ್ಲಿಸಿದರೆ ಅದೇ ಮಾತ್ರೆ ಪೂರ್ತಿ ಒಳಗೆ ಹೋಗಿ ಜಾಸ್ತಿಯಾಗುತ್ತೆ. ಎದೆ ಡವಡವ, ನಿದ್ದೆ ಬಾರದಿರುವುದು, ಬಹಳ ಕಾಲ ಹಾಗೇ ಇದ್ದರೆ ಮೂಳೆ ಸವೆಯುವುದು ಎಲ್ಲ ಶುರುವಾಗಬಹುದು. ಅದೇ 75 ಮೈಕ್ರೋಗ್ರಾಂ ಇರಲಿ, ಸಮಯ ಬದಲಿಸಿ, ಎಂಟು ವಾರ ಬಿಟ್ಟು ನೋಡೋಣ ಅಂದರು. ಈ ಹಾರ್ಮೋನಿನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 7 ದಿನ. ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಆರರಿಂದ ಎಂಟು ವಾರ ಬೇಕು. ಅದಕ್ಕೆ ಮೊದಲು ಟೆಸ್ಟ್ ಮಾಡಿಸಿದರೆ ಸುಮ್ನೆ ಗಾಬರಿ.

"ಪ್ರೋಟೀನ್ ಎಲ್ಲಿಂದ?"

ಟಿಎಸ್‌ಎಚ್ ಕಥೆ ಇಷ್ಟೇ. ಆದರೆ ತಟ್ಟೆಯ ಕಥೆ ಇನ್ನೂ ಉಳಿದಿತ್ತು. ನನಗೆ ಅದೇ ಮುಖ್ಯ.

ಹಾಲು, ಮಾಂಸ ಬಿಟ್ಟ ದಿನದಿಂದ ಅವರಿಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಆಫೀಸಿನಲ್ಲಿ ಊಟಕ್ಕೆ ಕೂತರೆ, ಮನೆಗೆ ಯಾರಾದರೂ ಬಂದರೆ, ಫೋನಿನಲ್ಲಿ ಅಕ್ಕ: ಪ್ರೋಟೀನ್ ಎಲ್ಲಿಂದ ಬರುತ್ತೆ ನಿಂಗೆ? ಕೇಳಿದವರಲ್ಲಿ ಕೆಲವರಿಗೆ ಕಾಳಜಿ, ಕೆಲವರಿಗೆ ಚುಚ್ಚುವ ಆಸೆ. ಕೇಳಿಸಿಕೊಳ್ಳುವವರಿಗೆ ಎರಡೂ ಒಂದೇ. ಅವರು ದಿನಾ ಮೂರು ಹೊತ್ತು ಆ ಪ್ರಶ್ನೆಗೆ ತಟ್ಟೆಯಲ್ಲೇ ಉತ್ತರ ಕೊಡುತ್ತಿದ್ದರು. ಡಬ್ಬಿ, ಪ್ಯಾಕೆಟ್ ಮೇಲೆ ದೊಡ್ಡದಾಗಿ ಪ್ರೋಟೀನ್ ಅಂತ ಬರೆದಿದ್ದನ್ನು ಆರಿಸಿದರು. ಹಾಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಸೋಯಾ ಆಗಿತ್ತು.

ಬಿ12 ಎಲ್ಲಿಂದ ಅಂತ ಯಾರೂ ಕೇಳಲಿಲ್ಲ. ಅಯೋಡಿನ್ ಬಗ್ಗೆ, ಕಬ್ಬಿಣದ ಬಗ್ಗೆಯೂ ಕೇಳಲಿಲ್ಲ. ಗಿಡದ ಆಹಾರವನ್ನೇ ನಂಬಿದವರಿಗೆ, ಹೊಟ್ಟೆ ತುಂಬಾ ತಿನ್ನುತ್ತಿದ್ದರೆ, ಪ್ರೋಟೀನ್ ಅಷ್ಟು ಸುಲಭವಾಗಿ ಕಮ್ಮಿಯಾಗುವುದಿಲ್ಲ. ಕಮ್ಮಿಯಾಗುವುದು ಬೇರೆಯವು.

ಇನ್ನೊಂದು ಕಾರಣ ಸುಸ್ತು. ಅವರ ಗಂಡ ಮಾಂಸ ತಿನ್ನುತ್ತಾರೆ. ಒಂದೇ ಅಡುಗೆಮನೆ, ಎರಡು ಅಡುಗೆ, ಸಂಜೆ ಏಳಕ್ಕೆ ಮನೆ ಸೇರುವ ಇಬ್ಬರು. ಮೊದಲ ಎರಡು ತಿಂಗಳು ಅವರು ಉತ್ಸಾಹದಿಂದ ಬೇರೆ ಬೇರೆ ಕಾಳು ನೆನೆಸಿ, ಬೇಯಿಸಿ, ಹೊಸ ಹೊಸ ಅಡುಗೆ ಮಾಡಿದ್ದರಂತೆ. ಒಂದು ದಿನ ನೆನೆಸೋದು ಮರೆತರು, ಚಂಕ್ಸ್ ಹಾಕಿದರು. ಬಿಸಿನೀರಿಗೆ ಹಾಕಿದ ಹತ್ತು ನಿಮಿಷಕ್ಕೆ ಅದು ರೆಡಿ. ಆಮೇಲೆ ಅದೇ ರೂಢಿಯಾಯ್ತು. ಇದಕ್ಕೆ ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಥೈರಾಯ್ಡ್ ಕಮ್ಮಿಯಾಗಿ ಸುಸ್ತಾದವರು ಸುಲಭದ ಊಟ ಆರಿಸುತ್ತಾರೆ. ಇವರಿಗೆ ಸುಲಭದ ಊಟವೆಂದರೆ ಮತ್ತೆ ಸೋಯಾ.

ಸೋಯಾ ಮಿತವಾಗಿ ತಿನ್ನಿ ಅಂತ ಹೇಳುವವರು ಬಹಳ. ಮಿತ ಅಂದರೆ ಎಷ್ಟು ಅಂತ ಹೇಳುವವರು ಕಡಿಮೆ. ಲೆಕ್ಕ ಬೇಕು ಅನ್ನುವವರಿಗೆ ಹೇಳುತ್ತೇನೆ: ತಲೆಮಾರುಗಳಿಂದ ಸೋಯಾ ತಿನ್ನುತ್ತಿರುವ ಜಪಾನಿನಲ್ಲಿ ಹಿರಿಯರು ದಿನಕ್ಕೆ ತಿನ್ನುವ ಐಸೊಫ್ಲೇವೋನ್ ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಂ. ಒಂದು ಕಪ್ ಸೋಯಾ ಹಾಲಿನಲ್ಲಿ ಸುಮಾರು 25 ಇರುತ್ತೆ. ದಿನಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ ಸೋಯಾ ಪದಾರ್ಥ ತಿಂದರೆ ಯಾರೂ ಭಯ ಪಡಬೇಕಾಗಿಲ್ಲ. ಆದರೆ ಗ್ರಾಂ ಲೆಕ್ಕಕ್ಕಿಂತ ನಾನು ನೋಡುವುದು ಇನ್ನೊಂದನ್ನು. ಸೋಯಾ ಬಂದು ಕೂತ ಜಾಗದಲ್ಲಿ ಮೊದಲು ಏನಿತ್ತು? ಮಾಂಸ ಇದ್ದ ಜಾಗದಲ್ಲಿ ಸೋಯಾ ಬಂದರೆ ಲಾಭ. ಕಾಳು, ಸೊಪ್ಪು, ಹಣ್ಣು ಇದ್ದ ಜಾಗಕ್ಕೂ ಅದೇ ಬಂದರೆ ನಷ್ಟ. ಇವರ ತಟ್ಟೆಯಲ್ಲಿ ಎರಡೂ ಆಗಿತ್ತು.

ಯಾರೂ ಕೇಳದೇ ಇದ್ದವು

ಬಿ12 ಮೊದಲು. ಗಿಡಗಳಲ್ಲಿ ನಂಬಿ ಕೂರುವಂಥ ಬಿ12 ಇಲ್ಲ. ಇವರು ಸ್ಪಿರುಲಿನಾ ಅನ್ನುವ ಪಾಚಿಯ ಪುಡಿ ತಗೊಳ್ಳುತ್ತಿದ್ದರು, ಅದರಲ್ಲಿ ಇದೆ ಅಂತ ನಂಬಿದ್ದರು. ಅದರಲ್ಲಿ ಇರುವುದರಲ್ಲಿ ಬಹುಪಾಲು ಬಿ12 ಥರವೇ ಕಾಣುವ, ದೇಹ ಬಳಸಲಾಗದ ರೂಪ. ಟೆಂಪೆ, ಮಿಸೊದಂಥ ಹುದುಗಿಸಿದ ಸೋಯಾವನ್ನೂ ಇದಕ್ಕೆ ನಂಬುವಂತಿಲ್ಲ. ಯಕೃತ್ತಿನಲ್ಲಿ ಬಿ12 ವರ್ಷಗಟ್ಟಲೆ ಕೂಡಿಟ್ಟಿರುತ್ತೆ, ಹಾಗಾಗಿ ಹತ್ತು ತಿಂಗಳಲ್ಲಿ 190ಕ್ಕೆ ಇಳಿಯಿತು ಅಂದರೆ ಮೊದಲೇ ಕಮ್ಮಿ ಇದ್ದಿರಬೇಕು. ಕಾಲು ಜುಮ್ ಅನ್ನುವುದು ಇದ್ದದ್ದರಿಂದ ವೈದ್ಯರು ಬಿ12 ಕಮ್ಮಿಯಾದಾಗ ಏರುವ ಮೀಥೈಲ್‌ಮಲೋನಿಕ್ ಆಸಿಡ್ ಪರೀಕ್ಷೆಯನ್ನೂ ಮಾಡಿಸಿದರು. ಅದು ಏರಿತ್ತು, ಕೊರತೆ ಖಚಿತವಾಯ್ತು. ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ ಶುರು ಮಾಡಿದರು. ಇದನ್ನು ಮುಂದಕ್ಕೆ ಹಾಕಬಾರದು. ನರಕ್ಕೆ ಆದ ಹಾನಿ ಬಹಳ ದಿನ ಉಳಿದರೆ ಮತ್ತೆ ಪೂರ್ತಿ ಸರಿಯಾಗುತ್ತೆ ಅನ್ನುವ ಭರವಸೆ ಇಲ್ಲ. ಹಾಲು, ಮೊಟ್ಟೆ, ಮಾಂಸ ಬಿಡುವವರು ಬಿಟ್ಟ ದಿನವೇ ಬಿ12 ಮಾತ್ರೆ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಕಬ್ಬಿಣ. ಸೋಯಾದಲ್ಲಿ ಕಬ್ಬಿಣ ಚೆನ್ನಾಗೇ ಇದೆ. ಆದರೆ ಅದರಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಅದರ ಮೇಲೆ ಇವರಿಗೆ ಊಟದ ಜೊತೆಗೇ ಕಾಫಿ ಕುಡಿಯುವ ಅಭ್ಯಾಸ. ಮುಟ್ಟಿನಲ್ಲಿ ರಕ್ತಸ್ರಾವವೂ ಜಾಸ್ತಿ ಇತ್ತು. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಕಾಫಿಯನ್ನು ಊಟದಿಂದ ಒಂದು ಗಂಟೆ ಆಚೆಗೆ ಸರಿಸಿದೆವು. ಊಟಕ್ಕೆ ನಿಂಬೆರಸವೋ, ದೊಣ್ಣೆ ಮೆಣಸಿನಕಾಯಿಯೋ, ಕಿತ್ತಳೆಯೋ ಯಾವುದಾದರೂ ಒಂದು ಸಿ ವಿಟಮಿನ್ ಇರಬೇಕು ಅಂತ ಮಾಡಿಕೊಂಡೆವು. ಸಣ್ಣ ಬದಲಾವಣೆ ಅನ್ನಿಸುತ್ತೆ. ಆದರೆ ಗಿಡದ ಕಬ್ಬಿಣ ಮೈಗೆ ಹತ್ತುವುದಕ್ಕೆ ಇಂಥ ಸಣ್ಣವೇ ದೊಡ್ಡವು.

ಅಯೋಡಿನ್ ವಿಷಯದಲ್ಲಿ ಒಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತು. ಅವರು ಅಯೋಡಿನ್ ಸೇರಿಸದ ಬಣ್ಣದ ಕಲ್ಲುಪ್ಪು ಬಳಸುತ್ತಿದ್ದರು. ಯಾರೋ ಕಡಲಪಾಚಿಯ ಮಾತ್ರೆ ತಗೋ, ಥೈರಾಯ್ಡಿಗೆ ಒಳ್ಳೇದು ಅಂದಿದ್ದರಂತೆ. ಅದನ್ನೂ ತರಿಸಿಟ್ಟಿದ್ದರು, ಶುರು ಮಾಡಿರಲಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಕೆಲವು ಕಡಲಪಾಚಿಗಳಲ್ಲಿ ಅದರ ಎಷ್ಟೋ ಪಟ್ಟು ಇರುತ್ತೆ. ಥೈರಾಯ್ಡ್ ತೊಂದರೆ ಇರುವವರಿಗೆ ಅಷ್ಟೊಂದು ಅಯೋಡಿನ್ ಕೊಟ್ಟರೆ ಇನ್ನೂ ಕೆಡಬಹುದು. ಆ ಡಬ್ಬಿ ಎತ್ತಿಡಿಸಿದೆ. ಉಪ್ಪು ಜಾಸ್ತಿ ಮಾಡಬೇಡಿ, ಬಳಸುವುದು ಮಾತ್ರ ಅಯೋಡಿನ್ ಉಪ್ಪೇ ಇರಲಿ ಅಂದೆ.

ಸೋಯಾ ಹಾಲಿನ ಪ್ಯಾಕೆಟ್ಟಿನಲ್ಲೂ ಒಂದು ವಿಷಯ ಸಿಕ್ಕಿತು. ಅವರು ಆರಿಸಿದ್ದು ಸಾವಯವ ಅಂತ ಬರೆದದ್ದು, ಪದಾರ್ಥಗಳ ಪಟ್ಟಿಯಲ್ಲಿ ಎರಡೇ: ನೀರು, ಸೋಯಾಬೀನ್. ಶುದ್ಧ ಅಂತ ಅವರಿಗೆ ಖುಷಿ. ಆದರೆ ಕ್ಯಾಲ್ಸಿಯಂ ಸೇರಿಸದ ಸೋಯಾ ಹಾಲಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಯುರೋಪಿನ ಸಾವಯವ ನಿಯಮಗಳಂತೂ ಇಂಥ ಪಾನೀಯಕ್ಕೆ ವಿಟಮಿನ್, ಖನಿಜ ಸೇರಿಸಲು ಬಿಡುವುದೇ ಇಲ್ಲ. ಹಸುವಿನ ಹಾಲಿಗೆ ಬದಲಾಗಿ ಕುಡಿಯುವುದಾದರೆ ಕ್ಯಾಲ್ಸಿಯಂ, ಬಿ12 ಸೇರಿಸಿದ್ದನ್ನೇ ತಗೊಳ್ಳಬೇಕು, ಕುಡಿಯುವ ಮೊದಲು ಪ್ಯಾಕೆಟ್ ಚೆನ್ನಾಗಿ ಅಲ್ಲಾಡಿಸಬೇಕು. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತುಬಿಡುತ್ತೆ.

ಏನು ಬದಲಾಯ್ತು

ಶೇಕ್ ನಿಂತಿತು. ಬಾರ್ ನಿಂತಿತು. ಪ್ರೋಟೀನ್ ಲೆಕ್ಕದಲ್ಲಿ ಅವೆರಡೂ ಬೇಕಾಗಿಯೇ ಇರಲಿಲ್ಲ. ಮಾತ್ರೆ ಡಬ್ಬಿ ಅಡುಗೆಮನೆಯಿಂದ ಮಂಚದ ಪಕ್ಕಕ್ಕೆ ಹೋಯಿತು, ಪಕ್ಕದಲ್ಲೊಂದು ನೀರಿನ ಬಾಟಲಿ. ಎದ್ದ ಕೂಡಲೇ ನುಂಗುವುದು. ಸ್ನಾನ, ತಯಾರಿ ಎಲ್ಲ ಮುಗಿದು ತಿಂಡಿ ಹೊತ್ತಿಗೆ ಒಂದು ಗಂಟೆ ಆಗಿರುತ್ತೆ. ಕಬ್ಬಿಣದ ಮಾತ್ರೆ ಮಧ್ಯಾಹ್ನಕ್ಕೆ.

ತಿಂಡಿಗೆ ಓಟ್ಸ್, ಅದಕ್ಕೆ ಸೋಯಾ ಹಾಲು, ಪುಡಿ ಮಾಡಿದ ಅಗಸೆ ಬೀಜ, ಒಂದು ಹಣ್ಣು. ಸೋಯಾ ಇದೆ, ನೋಡಿ. ಬೇಕಂತಲೇ ಉಳಿಸಿದೆ. ಮಧ್ಯಾಹ್ನ ಕಾಳು. ಬೇಯಿಸಿದ ಕಡಲೆಕಾಳು ಒಂದು ಕಪ್‌ಗೆ ಸುಮಾರು 15 ಗ್ರಾಂ ಪ್ರೋಟೀನ್ ಕೊಡುತ್ತೆ, ಮಸೂರ 18. ಸಂಜೆ ಕಡಲೆಕಾಯಿ ಬೀಜ ಒಂದು ಹಿಡಿ. ರಾತ್ರಿ ವಾರಕ್ಕೆ ಮೂರು ನಾಲ್ಕು ದಿನ ತೋಫು ಅಥವಾ ಚಂಕ್ಸ್, ಉಳಿದ ದಿನ ಬೇರೆ ಕಾಳು, ಜೊತೆಗೆ ಸೊಪ್ಪು, ತರಕಾರಿ. ಅನ್ನ, ಬ್ರೆಡ್ಡಿನದ್ದೂ ಸೇರಿಸಿ ದಿನಕ್ಕೆ 60ರಿಂದ 65 ಗ್ರಾಂ ಪ್ರೋಟೀನ್ ಬಂತು. ಧಾನ್ಯದಲ್ಲಿ ಕಮ್ಮಿ ಇರುವ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಾಳಿನಲ್ಲಿ ಧಾರಾಳವಾಗಿದೆ. ಎರಡನ್ನೂ ಒಂದೇ ಊಟದಲ್ಲಿ ಸೇರಿಸಲೇಬೇಕು ಅಂತಿಲ್ಲ, ದಿನದಲ್ಲಿ ಎರಡೂ ಬಂದರೆ ಸಾಕು.

ಕಾಗದದ ಮೇಲೆ ಇದು ಸುಲಭ. ಮೊದಲ ವಾರ ಕಷ್ಟವಾಯ್ತು. ಐಸೊಲೇಟ್, ಪ್ಯಾಟಿಗಳಿಗೆ ಒಗ್ಗಿದ್ದ ಹೊಟ್ಟೆಗೆ ಒಮ್ಮೆಲೇ ಇಡೀ ಕಾಳು ಬಂದಾಗ ಉಬ್ಬರ, ಗ್ಯಾಸ್. ಬುಧವಾರ ಫೋನ್ ಮಾಡಿ, "ಮೇಡಂ, ಮೀಟಿಂಗಿನಲ್ಲಿ ಕೂರೋಕ್ಕಾಗ್ತಿಲ್ಲ" ಅಂದರು. ಕಾಳಿನಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳನ್ನು ನಮ್ಮ ಕರುಳು ಜೀರ್ಣ ಮಾಡುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ತಿಂದು ಗ್ಯಾಸ್ ಮಾಡುತ್ತವೆ. ಪ್ರಮಾಣವನ್ನು ಕಾಲು ಕಪ್ಪಿಗೆ ಇಳಿಸಿದೆವು. ಸಿಪ್ಪೆ ತೆಗೆದ ಬೇಳೆಯಿಂದ ಶುರು ಮಾಡಿದೆವು. ಇಡೀ ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸುವುದು. ನಿಧಾನಕ್ಕೆ ಪ್ರಮಾಣ ಏರಿಸಿದ ಮೇಲೆ ಹೊಟ್ಟೆ ಒಗ್ಗಿಕೊಂಡಿತು. ಮಲಬದ್ಧತೆಯೂ ಎಲ್ಲಕ್ಕಿಂತ ಮೊದಲು ಹೋಯಿತು.

ಎರಡು ಅಡುಗೆಯ ಸಮಸ್ಯೆಗೆ ಅವರೇ ದಾರಿ ಕಂಡುಕೊಂಡರು. ಭಾನುವಾರ ಗಂಡ ಹೆಂಡತಿ ಸೇರಿ ಎರಡು ಬಗೆ ಕಾಳು ಬೇಯಿಸಿ ಫ್ರೀಜರಿನಲ್ಲಿ ಡಬ್ಬಿ ಡಬ್ಬಿಯಾಗಿ ಇಡುತ್ತಾರೆ. ಸಂಜೆ ಇಬ್ಬರಿಗೂ ಒಂದೇ ಅಡುಗೆ, ಗಂಡನಿಗೆ ಬೇಕಾದ ಮಾಂಸ ಪಕ್ಕದಲ್ಲಿ ಬೇರೆ. ನೆನೆಸೋದು ಮರೆತ ದಿನ ಈಗಲೂ ಚಂಕ್ಸ್ ಮಾಡುತ್ತಾರೆ. ಮಾಡಲಿ. ವಾರಕ್ಕೆ ಒಂದೆರಡು ಸಲ ಕೈಹಿಡಿಯುವ ಪದಾರ್ಥ ಅದು.

ಅಕ್ಕನಿಗೆ ಭಯ, ಗಂಡನಿಗೆ ಭಯ

ಮೂರನೇ ಭೇಟಿಗೆ ಗಂಡ, ಅಕ್ಕ ಇಬ್ಬರನ್ನೂ ಕರೆದುಕೊಂಡು ಬಂದರು. ಅಕ್ಕನಿಗೆ ಸೋಯಾದಿಂದ ಸ್ತನ ಕ್ಯಾನ್ಸರ್ ಬರುತ್ತೆ ಅನ್ನುವ ಚಿಂತೆ. ಐಸೊಫ್ಲೇವೋನ್‌ನ ರಚನೆ ಈಸ್ಟ್ರೋಜೆನ್ ಥರ ಇರುವುದು ನಿಜ. ಆದರೆ ಅದು ಈಸ್ಟ್ರೋಜೆನ್‌ಗಿಂತ ಎಷ್ಟೋ ದುರ್ಬಲ. ದೇಹದಲ್ಲಿ ಈಸ್ಟ್ರೋಜೆನ್ ಅಂಟಿಕೊಳ್ಳುವ ಎರಡು ಬಗೆಯ ಗ್ರಾಹಕಗಳಲ್ಲಿ (ಆಲ್ಫಾ, ಬೀಟಾ) ಬೀಟಾ ಅನ್ನುವುದಕ್ಕೇ ಅದು ಜಾಸ್ತಿ ಅಂಟಿಕೊಳ್ಳುತ್ತೆ. 2009ರಲ್ಲಿ ಚೀನಾದ ಶಾಂಘೈನಿಂದ ಬಂದ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ 5,000ಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ್ದರು. ಸೋಯಾ ಜಾಸ್ತಿ ತಿಂದವರಲ್ಲಿ ಸಾವು, ಕ್ಯಾನ್ಸರ್ ಮರುಕಳಿಸುವುದು ಎರಡೂ ಕಡಿಮೆ ಕಂಡಿತ್ತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೂ ಸೋಯಾ ಆಹಾರ ಸುರಕ್ಷಿತ ಅನ್ನುತ್ತೆ. ಆಹಾರ ಅಂದೆ, ಮಾತ್ರೆ ಅಲ್ಲ. ಐಸೊಫ್ಲೇವೋನ್ ಮಾತ್ರೆಗಳನ್ನು ಸುಮ್ಮಸುಮ್ಮನೆ ತಗೊಳ್ಳುವುದು ಬೇಡ ಅನ್ನುವುದು ನನ್ನ ಸಲಹೆ.

ಗಂಡನಿಗೆ ಬೇರೆ ಸಂಕೋಚ. ಈಗ ಮನೆಯಲ್ಲಿ ಅವರೂ ತೋಫು ತಿನ್ನುತ್ತಾರೆ, ಗಂಡಸರ ಹಾರ್ಮೋನಿಗೆ ತೊಂದರೆಯಾಗುತ್ತಾ ಅಂತ ಮೆಲ್ಲಗೆ ಕೇಳಿದರು. ಈ ಭಯಕ್ಕೆ ಬಲ ಕೊಟ್ಟದ್ದರಲ್ಲಿ 2008ರ ಒಂದು ವೈದ್ಯಕೀಯ ವರದಿಯೂ ಸೇರಿದೆ. 60 ವರ್ಷದ ಒಬ್ಬರಿಗೆ ಸ್ತನ ಊದಿಕೊಂಡಿತ್ತು. ಕಾರಣ ಹುಡುಕಿದರೆ ಅವರು ದಿನಕ್ಕೆ ಮೂರು ಕ್ವಾರ್ಟ್, ಅಂದರೆ 2.8 ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು. ನಿಲ್ಲಿಸಿದ ಮೇಲೆ ಹಾರ್ಮೋನ್ ಮಟ್ಟ ಸರಿಹೋಯಿತು. 2021ರಲ್ಲಿ 41 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಗಂಡಸರ ಟೆಸ್ಟೋಸ್ಟಿರೋನ್ ಮೇಲಾಗಲಿ, ಈಸ್ಟ್ರೋಜೆನ್ ಮೇಲಾಗಲಿ ಸೋಯಾದ ಪರಿಣಾಮ ಕಾಣಲಿಲ್ಲ. ದಿನಕ್ಕೆ ಮೂರು ಲೀಟರಿನ ಹತ್ತಿರ ಕುಡಿದವರ ಕಥೆ ಕೇಳಿ ವಾರಕ್ಕೆ ಮೂರು ದಿನದ ತೋಫುಗೆ ಹೆದರಬೇಕಾ? ಬೇಡ.

ಈ ಭೇಟಿಯಿಂದ ಆದ ದೊಡ್ಡ ಲಾಭ ಬೇರೆ. ಮನೆಯಲ್ಲಿ "ಬಿಟ್ಟುಬಿಡು" ಅನ್ನುವ ಮಾತು ನಿಂತಿತು. ಈಗ ಅಕ್ಕ ಫೋನ್ ಮಾಡಿದರೆ ಕೇಳುವುದು, "ಬಿ12 ತಗೊಂಡ್ಯಾ?"

ಮುಂದೆ

ಎಂಟು ವಾರಕ್ಕೆ ಟಿಎಸ್‌ಎಚ್ 4.8. ನಾಲ್ಕು ತಿಂಗಳಿಗೆ 2.4. ಡೋಸ್ ಅದೇ 75. ಚಳಿ, ಸುಸ್ತು ಕಡಿಮೆಯಾಗಿದೆ, ತೂಕ 2 ಕೆ.ಜಿ ಇಳಿದಿದೆ. ಫೆರಿಟಿನ್ 29ಕ್ಕೆ ಬಂದಿದೆ, ಇನ್ನೂ ಏರಬೇಕು. ಕೂದಲು ಪೂರ್ತಿ ಸುಧಾರಿಸಿಲ್ಲ. ಕಬ್ಬಿಣ ತುಂಬಿದ ಮೇಲೂ ಅದಕ್ಕೆ ತಿಂಗಳುಗಳು ಬೇಕು ಅಂತ ಹೇಳಿದ್ದೇನೆ. ಕಾಲು ಜುಮ್ ಅನ್ನುವುದು ಅಪರೂಪಕ್ಕೆ ಮಾತ್ರ. ಇದರಲ್ಲಿ ಎಷ್ಟು ಪಾಲು ಥೈರಾಯ್ಡಿನದ್ದು, ಎಷ್ಟು ಬಿ12ನದ್ದು, ಎಷ್ಟು ಕಬ್ಬಿಣದ್ದು ಅಂತ ಬಿಡಿಸಿ ಹೇಳಲಾಗದು. ಎಲ್ಲವನ್ನೂ ಒಟ್ಟಿಗೇ ಸರಿಪಡಿಸಿದ್ದೇವೆ.

ಕಳೆದ ಸಲ ಬಂದಾಗ ಮಗು ಮಾಡಿಕೊಳ್ಳುವ ಯೋಚನೆ ಇದೆ ಅಂದರು. ಊಟ ಹೀಗೇ ಮುಂದುವರಿಸಬಹುದಾ ಅಂತ ಕೇಳಿದರು. ಮುಂದುವರಿಸಬಹುದು, ಆದರೆ ಎಚ್ಚರ ಇನ್ನೂ ಜಾಸ್ತಿ ಬೇಕು. ಗರ್ಭಿಣಿಯಾದ ಮೊದಲ ವಾರಗಳಲ್ಲೇ ಲೆವೊಥೈರಾಕ್ಸಿನ್ ಡೋಸ್ ಶೇ 20ರಿಂದ 30ರಷ್ಟು ಏರಿಸಬೇಕಾಗಬಹುದು, ಹಾಗಾಗಿ ಮುಟ್ಟು ತಪ್ಪಿದ ಕೂಡಲೇ ವೈದ್ಯರಿಗೆ ಹೇಳಬೇಕು. ಅಯೋಡಿನ್ 250 ಮೈಕ್ರೋಗ್ರಾಂ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮೀನು ತಿನ್ನದವರಿಗೆ ಡಿಎಚ್‌ಎ ಅನ್ನುವ ಒಮೆಗಾ-3 ಕೊಬ್ಬು ಪಾಚಿಯ ಎಣ್ಣೆಯಿಂದ ಸಿಗುತ್ತೆ. ಕೋಲೀನ್ ಅನ್ನುವ ಪೋಷಕಾಂಶಕ್ಕೆ, ಮೊಟ್ಟೆ ಬಿಟ್ಟವರಿಗೆ, ಸೋಯಾವೇ ಒಳ್ಳೆಯ ಮೂಲ. ಗರ್ಭಿಣಿಯರ ಮಲ್ಟಿವಿಟಮಿನ್ ಈಗಿನಿಂದಲೇ ಶುರು ಮಾಡಿ ಅಂದಿದ್ದಾರೆ ವೈದ್ಯರು. ಅದರಲ್ಲಿ ಕಬ್ಬಿಣವೂ ಇದೆ, ಕ್ಯಾಲ್ಸಿಯಮ್ಮೂ ಇದೆ. ಅದನ್ನು ರಾತ್ರಿ ಊಟದ ಜೊತೆ ಇಟ್ಟಿದ್ದೇವೆ. ಮುಂದಿನ ಟಿಎಸ್‌ಎಚ್ ಟೆಸ್ಟ್ ಆರು ವಾರ ಬಿಟ್ಟು.